ಅಮಾಸಿಯ ದಿನ ವಿಜಾಪುರ

ದೂರದ ಊರು ನೋಡುವುದು ಸುಲಭ, ಹತ್ತಿರದ ಊರು ನೋಡುವುದೇ ಕಷ್ಟ. ಇದು ನನ್ನ ಸ್ವಂತ ಅನುಭವ. ಬನಹಟ್ಟಿಯ ನಮ್ಮ ಓಣಿಯಲ್ಲಿ ಕಾಶಿಗೆ ಹೋಗಿ ಬಂದವರಿದ್ದಾರೆ, ರಾಮೇಶ್ವರದಿಂದ ಮರಳು ಕಟ್ಟಿಕೊಂಡು ಬಂದವರಿದ್ದಾರೆ, ಒಬ್ಬರಂತೂ ವಿಮಾನ ಹತ್ತಿ ಅಂಡಮಾನಿಗೆ ಹೋಗಿ ಬಂದು ಆರು ತಿಂಗಳು ಅದೊಂದನ್ನೇ ಹೇಳಿದರು. ಆದರೆ ಜಮಖಂಡಿ ದಾಟಿ, ಕೃಷ್ಣಾ ನದಿ ದಾಟಿ ಎರಡು ತಾಸು ಹೋದರೆ ಸಿಗುವ ವಿಜಾಪುರದ ಗೋಲಗುಮ್ಮಟವನ್ನು ಹತ್ತಿ ನೋಡಿದವರು ಯಾರು ಎಂದರೆ ಎಲ್ಲರೂ ಪಕ್ಕದವರ ಮುಖ ನೋಡುತ್ತಾರೆ. ಹತ್ತಿರವೇ ಇದೆಯಲ್ಲ, ಯಾವಾಗ ಬೇಕಾದರೂ ಹೋಗಬಹುದು ಎಂಬ ಧೈರ್ಯ. ನನ್ನ ಮದುವೆಯಾದ ಮೇಲಿನ ಹದಿನೆಂಟು ವರ್ಷಗಳು ಆ ಧೈರ್ಯದಲ್ಲೇ ಕಳೆದಿದ್ದವು.

ಹಾಗೆಂದು ನಾವು ವಿಜಾಪುರವನ್ನೇ ಕಾಣದವರಲ್ಲ. ನಮ್ಮವರು ಮನೆಯ ಮಗ್ಗಗಳಲ್ಲಿ ನೇಯ್ದ ಸೀರೆಯ ಗಂಟುಗಳನ್ನು ವ್ಯಾನಿಗೆ ಹಾಕಿಕೊಂಡು ಅಲ್ಲಿಯ ಅಂಗಡಿಗಳಿಗೆ ಹೋಗುತ್ತಲೇ ಇರುತ್ತಾರೆ. ನಾನು ತಂಗಿಯ ಹೆರಿಗೆಗೆ ಹೋದಾಗ ದವಾಖಾನೆಯ ಕಿಟಕಿಯಿಂದ ಗುಮ್ಮಟವನ್ನು ನೋಡಿದ್ದೆ. ಸರಳಿಗೆ ಒಣಹಾಕಿದ ಕೂಸಿನ ಬಟ್ಟೆಗಳ ಸಂದಿಯಲ್ಲಿ ಅರ್ಧ ಕಾಣುತ್ತಿತ್ತು. ನಮ್ಮ ಅತ್ತೆ ನೀಲವ್ವನವರು ಇನ್ನೂ ಹತ್ತಿರ ಹೋಗಿದ್ದರು. ಕಣ್ಣಿನ ಪೊರೆ ತೆಗೆಸಿಕೊಂಡು ಬರುವಾಗ ವ್ಯಾನು ಅದರ ಗೇಟಿನ ಮುಂದೆಯೇ ಹಾದು ಬಂತು. ಆದರೆ ಪಟ್ಟಿ ಕಟ್ಟಿದ್ದು ಆ ಕಡೆಯ ಕಣ್ಣಿಗೇ.

ಹೀಗಿರುವಾಗ ತುಮಕೂರಿನ ಕಡೆಯ ಹೆಣ್ಣುಮಗಳೊಬ್ಬರು ಸೀರೆ ಕೊಳ್ಳಲು ನಮ್ಮ ಮನೆಗೆ ಬಂದರು. ಸೀರೆ ನೋಡುತ್ತಾ, "ನೀವು ಪುಣ್ಯವಂತರು ಕಣ್ರೀ, ಗೋಲಗುಮ್ಮಟ ಇಷ್ಟು ಹತ್ತಿರ ಇದೆ. ಅಲ್ಲಿ ಒಂದು ಸಲ ಕೂಗಿದ್ರೆ ಎಷ್ಟು ಸಲ ಕೇಳಿಸುತ್ತೆ?" ಎಂದು ಕೇಳಿದರು. ನಮ್ಮವರು ಕಣ್ಣು ಮಿಟುಕಿಸದೆ "ಏಳು ಸಲರೀ" ಎಂದರು. ಅದೇ ಹೊತ್ತಿಗೆ ಒಳಗಿನಿಂದ ಅತ್ತೆ "ಹನ್ನೊಂದು" ಎಂದು ಕೂಗಿದರು. ತಾಯಿ ಮಗ ಇಬ್ಬರ ಮರ್ಯಾದೆಯನ್ನೂ ಉಳಿಸಬೇಕಾಗಿ ಬಂದ ನಾನು, "ಅದು ಗಾಳಿ ಮ್ಯಾಲ ಹೋಗತೈತ್ರಿ" ಎಂದೆ. ಆಕೆ ನಂಬಿ ಸೀರೆ ಕೊಂಡು ಹೋದರು. ನನಗೆ ಮಾತ್ರ ಅವತ್ತು ಊಟ ಸೇರಲಿಲ್ಲ. ಏನಾದರಾಗಲಿ, ಒಂದು ದಿನದ ಮಟ್ಟಿಗಾದರೂ ಹೋಗಿ ನೋಡಿಕೊಂಡು ಬರಲೇಬೇಕೆಂದು ನಿಶ್ಚಯಿಸಿದೆ.

ನನಗೆ ಯೋಜನೆ ಹಾಕುವುದೆಂದರೆ ಪಂಚಪ್ರಾಣ. ಮುಧೋಳದಲ್ಲಿ ನನ್ನ ತಮ್ಮನ ಮನೆಯ ವಾಸ್ತುಶಾಂತಿಗೆ ನಾನು ಹಾಕಿದ ಯೋಜನೆ ಎಷ್ಟು ಚುರುಕಾಗಿತ್ತೆಂದರೆ, ಸ್ವಾಮಿಗಳು ಪೂಜೆ ಮುಗಿಸುವಷ್ಟರಲ್ಲಿ ಎರಡನೆಯ ಪಂಕ್ತಿಯೂ ಎದ್ದು ಕೈ ತೊಳೆದಿತ್ತು. ತಮ್ಮ ಇವತ್ತಿಗೂ ಆ ಮಾತು ಎತ್ತಿದರೆ ಗಂಭೀರನಾಗುತ್ತಾನೆ. ಅಂಥ ನಾನು ವಿಜಾಪುರವನ್ನು ಸುಮ್ಮನೆ ಬಿಟ್ಟೇನೆ? ಕತ್ತಲಿರುವಾಗಲೇ ಹೊರಡುವುದು, ಮಂದಿ ಬರುವ ಮೊದಲೇ ಗುಮ್ಮಟ ಹತ್ತುವುದು, ಆಮೇಲೆ ಬಾರಾಕಮಾನು, ಕೋಟೆಯ ಮೇಲಿನ ದೊಡ್ಡ ತೋಪು, ಇಬ್ರಾಹಿಂ ರೋಜಾ, ಸಿದ್ಧೇಶ್ವರನ ಗುಡಿ, ದೀಪ ಹಚ್ಚುವ ಹೊತ್ತಿಗೆ ತಿರುಗಿ ಮನೆ. ಉಸಿರಾಡಲು ನಾನು ಹೊತ್ತು ಇಟ್ಟಿರಲಿಲ್ಲ.

ದಿನ ಹುಡುಕುವುದೇ ಮೊದಲ ತೊಡಕು. ನಮ್ಮ ಮನೆಯಲ್ಲಿ ಮಗ್ಗಗಳು ನಿಲ್ಲುವುದು ಅಮಾವಾಸ್ಯೆಗೆ ಮಾತ್ರ. ಮಗಳು ಅಕ್ಷತಾಳ ಹೈಸ್ಕೂಲಿಗೂ ರಜೆ ಇರುವ ಅಮಾವಾಸ್ಯೆ ಎಂದರೆ ಭಾನುವಾರವೇ ಬೀಳಬೇಕು. ಪಂಚಾಂಗ ತಿರುವಿ ಅದನ್ನೂ ಹುಡುಕಿದೆ. ರೊಟ್ಟಿ ತಟ್ಟುತ್ತಾ ಅಡಿಗೆಮನೆಯಿಂದಲೇ ಘೋಷಿಸಿದೆ. ನಮ್ಮ ಮನೆಯಲ್ಲಿ ಎಲ್ಲವನ್ನೂ ಘೋಷಿಸುವುದೇ ರೂಢಿ. ಮಗ್ಗದ ಸದ್ದಿನ ಮೇಲೆ ಮಾತಾಡಿ ಎಲ್ಲರ ಗಂಟಲೂ ಎತ್ತರವಾಗಿದೆ, ಕಿವಿ ಸ್ವಲ್ಪ ಮಂದವಾಗಿದೆ.

ಪಡಸಾಲೆಯಲ್ಲಿ ನೂಲು ಸುತ್ತುತ್ತಿದ್ದ ಅತ್ತೆ ಕೈ ನಿಲ್ಲಿಸಿದರು. "ಅಮಾಸಿ ದಿನ ಯಾರರ ಹೊರಗ ಬೀಳತಾರೇನು?"

ಇದನ್ನು ನಾನು ಮೊದಲೇ ಊಹಿಸಿದ್ದೆ. ನಮ್ಮ ತವರಿನಲ್ಲಿ ಇದಕ್ಕೆ ಪರಸ್ತಾನ ಇಡುತ್ತಿದ್ದರು. ಹಿಂದಿನ ದಿನವೇ ಒಳ್ಳೆಯ ಗಳಿಗೆ ನೋಡಿ ಪ್ರಯಾಣದ ಚೀಲವನ್ನು ಬೇರೆಯವರ ಮನೆಯಲ್ಲಿ ಇಟ್ಟು ಬಂದರೆ ಅವತ್ತೇ ಹೊರಟಂತೆ ಲೆಕ್ಕ. "ಶನಿವಾರ ಕಾಶವ್ವನ ಮನ್ಯಾಗ ಚೀಲ ಇಟ್ಟು ಬರ್ತೀನ್ರಿ ಅತ್ತಿ. ಅಮಾಸಿ ದಿನ ಬರೇ ಗಾಡಿ ಹತ್ತೂದು" ಎಂದೆ. ಕಾಶವ್ವ ಎಂದರೆ ಎದುರು ಮನೆಯಾಕೆ, ಅತ್ತೆಯ ಗೆಳತಿ.

ಅತ್ತೆ ಎರಡು ದಿನ ಸುಮ್ಮನಿದ್ದರು. ಮೂರನೆಯ ದಿನ, "ಅವತ್ತ ನಳದ ನೀರು ಬರೂ ಪಾಳಿ. ನೀರು ಯಾರು ತುಂಬಬೇಕು?" ಎಂದರು. ನಮ್ಮಲ್ಲಿ ನಳಕ್ಕೆ ನೀರು ಬರುವ ದಿನವೆಂದರೆ ಮದುವೆಯ ದಿನವಿದ್ದಂತೆ, ಮನೆಯಲ್ಲಿ ಒಬ್ಬರಾದರೂ ಇರಲೇಬೇಕು. "ಕಾಶವ್ವ ತುಂಬತಾಳ್ರಿ, ಹೇಳೀನಿ" ಎಂದೆ. ಮತ್ತೊಂದು ದಿನ, "ಈ ಮನಿ ಕಟ್ಟಿಸಿದಾಗಿಂದ ಒಮ್ಮೆನೂ ಕೀಲಿ ಬಿದ್ದಿಲ್ಲ" ಎಂದರು. ಖರೆಯೇ. ಕೀಲಿಯೇ ಇರಲಿಲ್ಲ. ಅವತ್ತೇ ಸಂಜೆ ಪೇಟೆಗೆ ಹೋಗಿ ಹೊಸ ಬೀಗ ಕೀಲಿ ತಂದು, ಅವರ ಮುಂದೆಯೇ ಎರಡು ಸಲ ಹಾಕಿ ತೆಗೆದು ತೋರಿಸಿದೆ. ಅತ್ತೆ ಅದನ್ನು ನೋಡಿ ಒಳಗೆ ಹೋದರು. ಒಂದೊಂದು ತಕರಾರಿಗೂ ಒಂದೊಂದು ಉಪಾಯ ಹುಡುಕಿದ ಹೆಮ್ಮೆಯಲ್ಲಿ ನಾನು ರಾತ್ರಿ ನಿಶ್ಚಿಂತೆಯಿಂದ ಮಲಗುತ್ತಿದ್ದೆ.

ಶನಿವಾರ ಮಧ್ಯಾಹ್ನ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಹಾಸಲು ಒಂದು ಚಾದರ ತುಂಬಿದ ಚೀಲವನ್ನು ಕಾಶವ್ವನ ಮನೆಗೆ ಒಯ್ದೆ. ಆಕೆ ಚೀಲ ಎತ್ತಿ ನೋಡಿ, "ಮೂರು ಮಂದೀಗೆ ಇಷ್ಟ್ಯಾಕ ರೊಟ್ಟಿ ಬೇ?" ಎಂದಳು.

"ಮೂರಲ್ಲ, ನಾಕು ಮಂದಿ."

"ನಾಕನೇದವರು ಯಾರು?"

"ಅತ್ತಿ!"

ಕಾಶವ್ವ ಚೀಲ ಕೆಳಗಿಟ್ಟಳು. "ಯವ್ವಾ ಸುನಂದಾ, ನೀಲವ್ವ ನನ್ನ ಮುಂದ ಬ್ಯಾರೇನ ಹೇಳ್ಯಾಳಲ್ಲ? 'ಅವರು ಮೂರೂ ಮಂದಿ ಹೊಂಟಾರ, ನನಗ ಯಾರೂ ಬಾ ಅಂದಿಲ್ಲ. ಐತವಾರ ನೀ ನಮ್ಮ ಮನಿಗೇ ಬಾ, ನೀರು ತುಂಬಿ ಇಬ್ಬರೂ ಕೂಡೇ ಉಣ್ಣೂಣು' ಅಂದಾಳ."

ನಾನು ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ಅಮಾಸಿ, ನೀರು, ಕೀಲಿ, ಯಾವುದೂ ತಕರಾರೇ ಆಗಿರಲಿಲ್ಲ. 'ನೀವೂ ಬರ್ರಿ' ಎಂದು ಹೇಳಲು ಅವರು ನನಗೆ ಮೂರು ಸಲ ದಾರಿ ಮಾಡಿಕೊಟ್ಟಿದ್ದರು. ನಾನು ಮೂರು ಸಲವೂ ಉಪಾಯ ಹೇಳಿದ್ದೆ. ಸಾಲದ್ದಕ್ಕೆ ಕೀಲಿ ಬೇರೆ ತಂದು ತೋರಿಸಿದ್ದೆ!

ಮನೆಗೆ ಓಡಿಬಂದು ನಮ್ಮವರನ್ನು ಕೇಳಿದೆ, "ಅವ್ವಗ ಬಾ ಅಂತ ಹೇಳೀರೇನ್ರಿ?"

"ನೀ ಹೇಳಿಲ್ಲೇನು?"

"ನಿಮ್ಮ ಅವ್ವಗ ನೀವು ಹೇಳಬೇಕಲ್ಲ!"

ಅಜ್ಜಿಯನ್ನು ಅಮ್ಮಾ ಎಂದೇ ಕರೆಯುವ ಅಕ್ಷತಾ ಪುಸ್ತಕದಿಂದ ತಲೆಯೆತ್ತಿ, "ಅಮ್ಮಾ ಬರೂದು ಇದ್ದ ಐತೆಲ್ಲ, ಹೇಳೂದೇನು?" ಎಂದಳು. ನಮ್ಮವರಿಗೆ ಈ ಮಾತು ಬಹಳ ಹಿಡಿಸಿತು. ಓಡುತ್ತಿರುವ ಮಗ್ಗಗಳ ಮೇಲೆ ದನಿಯೇರಿಸಿ, ಇಡೀ ಓಣಿಗೆ ಕೇಳುವಂತೆ, "ಅವ್ವಾ, ನಿನ್ನ ಬಿಟ್ಟ ಹೋಗ್ತೀವೇನು? ನೀ ಇದ್ದ ಇರ್ತಿ ಅಂತ ಹೇಳಲಿಲ್ಲ!" ಎಂದು ಕೂಗಿದರು. ಇಂಥ ಮಾತನ್ನು ಕೂಗಿ ಹೇಳಿದರೆ ಜಗಳದ ಹಾಗೆ ಕೇಳಿಸುತ್ತದೆ. ಪಕ್ಕದ ಮನೆಯ ಕಿಟಕಿ ತೆರೆಯಿತು.

"ನಾ ಒಲ್ಲೆ" ಎಂದರು ಅತ್ತೆ. "ನನ್ನ ಮೊಣಕಾಲಿಗೆ ಅಷ್ಟು ಮೆಟ್ಟಲಾ ಹತ್ತೂದು ಆಗೂದಿಲ್ಲ. ನೀವು ಹೋಗಿ ಬರ್ರಿ."

ನಾನು ಕೊನೆಯ ಅಸ್ತ್ರ ಬಿಟ್ಟೆ. "ನೀವು ಬರದಿದ್ದರ ನಾವೂ ಹೋಗೂದಿಲ್ರಿ."

"ಹಂಗಾದ್ರ ಕ್ಯಾನ್ಸಲ್ ಮಾಡ್ರಿ" ಎಂದು ಅವರು ನೂಲು ಸುತ್ತತೊಡಗಿದರು. ನನ್ನ ಅಸ್ತ್ರ ಹೀಗೆ ನನ್ನ ಕಾಲ ಮೇಲೆಯೇ ಬಿತ್ತು.

ಸಂಜೆ ಮಗ್ಗಗಳು ನಿಂತವು. ಅವು ನಿಂತಾಗ ನಮ್ಮ ಮನೆ ಬೇರೆ ಯಾರದೋ ಮನೆಯಂತಿರುತ್ತದೆ. ಅತ್ತೆ ಹೊರಗಿನ ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತಾ ಕುಳಿತಿದ್ದರು. ನಾನೂ ಹೋಗಿ ಪಕ್ಕದಲ್ಲಿ ಕುಳಿತು, ಅರಳೆ ಬಿಡಿಸಿ ಕೊಡುತ್ತಾ, "ತಪ್ಪಾತ್ರಿ ಅತ್ತಿ. ಕೇಳೂದು ಮರತೆ" ಎಂದೆ.

"ಮರತದ್ದಲ್ಲ ತಗೋ" ಎಂದರು ಅವರು, ಬತ್ತಿಯಿಂದ ಕಣ್ಣೆತ್ತದೆ. "ನಿಮ್ಮ ಮಾವಾರೂ ಇರೂತನಕ ಹಂಗ ಇದ್ದರು. ಊರಿಗೆ ಹೊಂಟರ 'ನಡಿ' ಅಂತಿದ್ದರು, ಇಲ್ಲಂದ್ರ 'ಮನ್ಯಾಗ ಇರು' ಅಂತಿದ್ದರು. 'ಬರ್ತೀಯೇನು' ಅಂತ ಒಂದು ದಿನಾರ ಕೇಳಲಿಲ್ಲ. ಕೆಟ್ಟವರಲ್ಲ, ಕೇಳೂದು ಗೊತ್ತಿರಲಿಲ್ಲ ಅಷ್ಟ."

ಕೈಯಲ್ಲಿದ್ದ ಅರಳೆಯನ್ನು ಬಿಡಿಸಿ ಮುಗಿಸಿದೆ. ಆಮೇಲೆ ನಾನು ಸರಿಯಾಗಿ ಅವರ ಕಡೆ ತಿರುಗಿ ಕುಳಿತು ಕೇಳಿದೆ. "ಅತ್ತಿ, ನಾಳೆ ನಮ್ಮ ಜೋಡಿ ವಿಜಾಪುರಕ್ಕ ಬರ್ತೀರೇನ್ರಿ?"

ಅತ್ತೆ ಹೊಸೆದ ಬತ್ತಿಯನ್ನು ಡಬ್ಬಿಗೆ ಹಾಕಿದರು. ಇನ್ನೊಂದು ಹೊಸೆದರು. ಅದನ್ನೂ ಹಾಕಿದರು.

"ವಿಚಾರ ಮಾಡಿ ಹೇಳ್ತೀನಿ" ಎಂದರು.

ಆದರೆ ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ ಅವರ ಕೋಣೆಯಲ್ಲಿ ಟ್ರಂಕು ತೆರೆದ ಸದ್ದಾಯಿತು, ನುಸಿಗುಳಿಗೆಯ ವಾಸನೆ ಪಡಸಾಲೆಯವರೆಗೆ ಬಂತು. ಮುಂಜಾನೆ ನಾನು ಏಳುವಷ್ಟರಲ್ಲಿ ಅವರು ಹಸಿರು ಅಂಚಿನ ಸೀರೆಯುಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಕಟ್ಟೆಯ ಮೇಲೆ ಕುಳಿತು, "ಲಗೂ ಹೊರಡೂದಂತ ಹೇಳಿ ಹಿಂಗ ಮಲಗಿದ್ರ ಹೆಂಗ?" ಎನ್ನುತ್ತಿದ್ದರು.

ಅವರು ವ್ಯಾನು ಹತ್ತಿದ್ದೇ ತಡ, ನನ್ನ ಯೋಜನೆ ಇಳಿದು ಹೋಯಿತು. ಜಮಖಂಡಿಯಲ್ಲಿ ಅವರ ತಂಗಿಯ ಮನೆಯ ಮುಂದೆ "ಒಂದು ನಿಮಿಷ" ಎಂದು ನಿಂತದ್ದು ಉಪ್ಪಿಟ್ಟು, ಚಹಾ, ಅರಿಷಿಣ ಕುಂಕುಮದವರೆಗೆ ಹೋಯಿತು. ಕೃಷ್ಣೆಯ ಸೇತುವೆಯ ಮೇಲೆ ಇಳಿದು ನದಿಗೆ ಕೈಮುಗಿಯಬೇಕಾಯಿತು. ಮುಂದೆ ಎರಡೆರಡು ಟ್ರೇಲರ್ ಕಟ್ಟಿದ ಕಬ್ಬಿನ ಟ್ರ್ಯಾಕ್ಟರು ಸಿಕ್ಕಿತು. ಅದು ದಾರಿ ಕೊಡದೆ ತೂಗಾಡುತ್ತಾ ಹೋಗುವಾಗ ನಾನು ಗಡಿಯಾರ ನೋಡಿಕೊಂಡು ಹಲ್ಲು ಕಡಿಯುತ್ತಿದ್ದರೆ, ಹಿಂದಿನ ಸೀಟಿನಲ್ಲಿ ಅತ್ತೆ ಮತ್ತು ಅಕ್ಷತಾ ಏನನ್ನೋ ನೋಡಿ ನಗುತ್ತಿದ್ದರು. ಏನೆಂದು ತಿರುಗಿ ನೋಡಲು ನನಗೆ ಪುರಸೊತ್ತಿರಲಿಲ್ಲ.

ಗುಮ್ಮಟ ಮುಟ್ಟಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಎಲ್ಲಿಂದಲೋ ಬಂದ ಶಾಲೆಯ ಮಕ್ಕಳ ದಂಡೇ ಅಲ್ಲಿತ್ತು. "ಅತ್ತಿ, ನಿಮಗ ಆಗದಿದ್ರ ಕೆಳಗ ಕುಂದರ್ರಿ" ಎಂದೆ. "ಕೇಳಿದ ಮ್ಯಾಲ ಬಂದೀನಿ, ಹತ್ತತೀನಿ" ಎಂದು ಅವರು ಗೋಡೆ ಹಿಡಿದು ಹತ್ತಿದರು. ಒಂದೊಂದು ತಿರುವಿನಲ್ಲೂ ಕುಳಿತರು. ಕುಳಿತಲ್ಲೆಲ್ಲ ಕಿಂಡಿಯಿಂದ ಹೊರಗೆ ನೋಡಿದರು. ನಾನು ಮೇಲೆ ಓಡಿ, ಕೆಳಗೆ ಬಂದು, "ಬರ್ರಿ, ಇನ್ನಾ ನಾಕು ಜಾಗಾ ನೋಡೂದೈತಿ" ಎನ್ನುತ್ತಿದ್ದೆ.

ಅಂತೂ ಮೇಲಿನ ಗ್ಯಾಲರಿ ಸೇರಿದೆವು. ಮಕ್ಕಳು ಇಳಿದು ಹೋಗಿದ್ದರು. ನಮ್ಮವರನ್ನು ಆಚೆ ತುದಿಗೆ ಕಳಿಸಿ, ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಪಿಸುಗುಟ್ಟಿದರೂ ಈ ಕಡೆ ಕೇಳಿಸುತ್ತದೆ, ಕೂಗಬಾರದೆಂದು ಮೂರು ಸಲ ಹೇಳಿದೆ. ಆದರೆ ಹುಟ್ಟಿದಂದಿನಿಂದ ಮಗ್ಗದ ಜೊತೆ ಮಾತಾಡಿದ ಮನುಷ್ಯನಿಗೆ ಪಿಸುಗುಟ್ಟುವುದು ಹೇಗೆ ಬರಬೇಕು? "ಅವ್ವಾ!" ಎಂದು ಒದರಿದರು. ಇಡೀ ಗುಮ್ಮಟ ಅವ್ವಾ, ಅವ್ವಾ, ಅವ್ವಾ ಎಂದು ಕರೆಯತೊಡಗಿತು. ಅತ್ತೆ ಬೆಚ್ಚಿಬಿದ್ದು, "ಕೇಳಸ್ತು ಬಿಡೋ! ಎಷ್ಟ ಸಲ ಕರೀತಿ?" ಎಂದು ಗದರಿದರು. ಅದೂ ತಿರುತಿರುಗಿ ಬಂತು. ಕಾವಲಿನವನು ಕೂಡ ಗೋಡೆಗೆ ಒರಗಿ ನಕ್ಕ. ಏಳೋ ಹನ್ನೊಂದೋ, ನಗುವಿನಲ್ಲಿ ಎಣಿಸುವುದು ಯಾರಿಗೂ ನೆನಪಾಗಲಿಲ್ಲ.

ನಗು ಅಡಗಿದ ಮೇಲೆ ಅತ್ತೆ ತಾವಾಗಿಯೇ ಗೋಡೆಗೆ ಮುಖ ಹಚ್ಚಿದರು. ಆ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. "ಏನ್ರೀ, ನನ್ನ ಕೇಳಿ ಕರಕೊಂಡು ಬಂದಾರ್ರೀ" ಎಂದರು. ನಮ್ಮವರು ಆಚೆಯಿಂದ ಸುತ್ತಿ ಬಂದು, "ಏನಂದಿ ಅವ್ವಾ? ಬರೇ ಗಾಳಿ ಕೇಳಸ್ತು" ಎಂದರು. "ನಿನಗಲ್ಲ ಬಿಡು ಅದು" ಎಂದು ಅತ್ತೆ ಸೆರಗು ಸರಿಮಾಡಿಕೊಂಡರು. ನಾನು ದೂರದ ಊರನ್ನು ನೋಡುವವಳಂತೆ ಬಾಗಿಲ ಕಡೆ ತಿರುಗಿದೆ.

ಇಳಿದು ಹುಲ್ಲಿನ ಮೇಲೆ ಚಾದರ ಹಾಸಿ ರೊಟ್ಟಿ ತಿಂದೆವು. ತಿಂದ ಮೇಲೆ ಅತ್ತೆ ಅಲ್ಲೇ ಅಡ್ಡಾದರು, ಅವರ ಪಕ್ಕದಲ್ಲಿ ಮಗ, ಮಗನ ಪಕ್ಕದಲ್ಲಿ ಅಕ್ಷತಾ. ನಾನೊಬ್ಬಳೇ ಕುಳಿತು ಬಾರಾಕಮಾನು, ತೋಪು, ರೋಜಾ ಒಂದೊಂದಾಗಿ ಕೈಬಿಟ್ಟು ಹೋಗುವುದನ್ನು ಗಡಿಯಾರದಲ್ಲಿ ನೋಡಿದೆ.

ಮರುದಿನ ಮುಂಜಾನೆ ಕಾಶವ್ವ ಬಂದಳು. ನಾನು ಚಹಾಕ್ಕಿಟ್ಟೆ. ಪಡಸಾಲೆಯಲ್ಲಿ ಅತ್ತೆ ಹೇಳುತ್ತಿದ್ದರು. ಮೆಟ್ಟಿಲ ಕಿಂಡಿಯಲ್ಲಿ ಗಿಳಿಗಳ ಸಂಸಾರವಿತ್ತಂತೆ, ಮರಿಗಳಿಗೆ ತಾಯಿ ತಿನ್ನಿಸುತ್ತಿತ್ತಂತೆ. ಮುಂದಿನ ಟ್ರ್ಯಾಕ್ಟರಿನ ಕಬ್ಬಿನ ಮೇಲೆ ಒಬ್ಬ ಮುದುಕ ಕಾಲ ಮೇಲೆ ಕಾಲು ಹಾಕಿ ಮಲಗಿ, ಇವರಿಗೆ ಕೈ ಬೀಸಿ ಒಂದು ಕಬ್ಬಿನ ಜಲ್ಲೆ ತೋರಿಸಿದನಂತೆ. ಗೇಟಿನ ಬಳಿ ಪೇರಲ ಮಾರುವಾಕೆಯ ತವರು ನಮ್ಮ ಪಕ್ಕದ ತೇರದಾಳವಂತೆ. ಊರಿನ ಸುದ್ದಿ ಕೇಳಿ ಕಣ್ಣು ತುಂಬಿಕೊಂಡಳಂತೆ. ಇದೆಲ್ಲ ಯಾವಾಗ ಆಯಿತು? ನಾನೂ ಅಲ್ಲೇ ಇದ್ದೆನಲ್ಲ?

"ಸುನಂದಾ ಅಮಾಸಿ ಅಂತ ಬಾಳ ಹಿಂದ ಮುಂದ ನೋಡಿದ್ಲು" ಎನ್ನುತ್ತಿದ್ದರು ಅತ್ತೆ. "ನಾನ ಧೈರ್ಯ ಹೇಳಿ ಕರಕೊಂಡು ಹೋದೆ."

ನಾನು ಚಹಾದ ಕಪ್ಪುಗಳನ್ನು ಕೆಳಗಿಟ್ಟು, ಕಾಶವ್ವನಿಗೆ ಒತ್ತಿ ಕುಳಿತು ಕೇಳಿದೆ, "ಮುಂದ ಏನಾತ್ರಿ ಅತ್ತಿ?"