ನಮ್ಮ ಜಗಲಿಯಲ್ಲಿ ತಲೆ ತಗ್ಗಿಸಿದವರು

ಸಾವಿನ ಮನೆಯವರಿಗೆ ದುಃಖದ ಜೊತೆಗೆ ಒಂದು ಸಣ್ಣ ಜಂಬವೂ ಇರುತ್ತದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಾತಾಡಿಸಲು ಯಾರು ಬಂದರು, ಎಷ್ಟು ದೂರದಿಂದ ಬಂದರು, ಯಾರು ಬಸ್ಸಿಳಿದು ನೀರನ್ನೂ ಕುಡಿಯದೆ ಅತ್ತರು ಎಂದು ಮನಸ್ಸು ಒಳಗೊಳಗೇ ಗಮನಿಸುತ್ತಿರುತ್ತದೆ. ನನ್ನ ಹೆಂಡತಿ ನಾಗರತ್ನ ತೀರಿಕೊಂಡಾಗ ನನಗೂ ಹಾಗೇ ಆಯಿತು. ನನ್ನದು ಸ್ವಲ್ಪ ಅತಿಯಾಯಿತು, ಅಷ್ಟೇ.

ನಾನು ಮಾತು ಕಡಿಮೆಯವನು. ಹುಲ್ಲಹಳ್ಳಿಯ ಹಿಟ್ಟಿನ ಗಿರಣಿಯಲ್ಲಿ ದುಡಿದವನು. ಆ ಸದ್ದಿನಲ್ಲಿ ಮಾತಾಡಿ ಫಲವಿರಲಿಲ್ಲ. ಸಂಜೆ ನಂಜನಗೂಡಿನ ಮನೆಗೆ ಬಂದರೆ ನಾಗರತ್ನ ಮಾತಾಡುತ್ತಿದ್ದಳು, ಅಲ್ಲೂ ಫಲವಿರಲಿಲ್ಲ. ಬೀದಿದೀಪ, ಕೊಳಾಯಿ, ಚರಂಡಿ ಎಲ್ಲಕ್ಕೂ ನಮ್ಮ ಬೀದಿಗೆ ಅವಳೇ ವಕೀಲೆ. ನಗರಸಭೆಯವರು ಪುಕ್ಕಟೆ ವೈಫೈ ಪೆಟ್ಟಿಗೆ ಹಾಕಲು ಕಂಬ ತಂದಾಗ ಎಲ್ಲರಿಗೂ ವೈಫೈ ಬೇಕು, ಕಂಬ ಮಾತ್ರ ಬೇಡ. ಒಬ್ಬರಿಗೆ ವಾಸ್ತು, ಇನ್ನೊಬ್ಬರಿಗೆ ಕಾರು ನಿಲ್ಲಿಸುವ ಜಾಗ. ಕಂಬ ಇನ್ನೇನು ವಾಪಸ್ ಹೋಗುವುದರಲ್ಲಿತ್ತು. ನಾಗರತ್ನ ಲಟ್ಟಣಿಗೆ ಹಿಡಿದೇ ಹೊರಬಂದು, “ನಮ್ಮನೆ ಮುಂದೆ ನೆಡ್ರಪ್ಪ, ಓದೋ ಮಕ್ಳಿಗಾಗ್ಲಿ” ಎಂದಳು. ನೆಟ್ಟರು. ನನ್ನದು ಬಟನ್ ಫೋನು. ನಾನು ಕಂಬವನ್ನು ಮರೆತೆ. ಜಗಲಿಯಲ್ಲಿ ಆಗಲೂ ಜನ ಇರುತ್ತಿದ್ದರು. ಅವಳ ಮಾತಿಗೆ ಬಂದವರು ಎಂದುಕೊಂಡಿದ್ದೆ.

ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೂ ಜಗಲಿ ಖಾಲಿಯಾಗಲಿಲ್ಲ. ಸಂಜೆಯಾದರೆ ಬಂದು ಸಾಲಾಗಿ ಕೂರುವರು. ಮಾತಿಲ್ಲ, ಕತೆಯಿಲ್ಲ, ತಗ್ಗಿಸಿದ ತಲೆ ತಗ್ಗಿಸಿದಂತೆಯೇ. ಕೈಯಲ್ಲಿ ಫೋನಿರುತ್ತಿತ್ತು ನಿಜ. ಈಗಿನ ಕಾಲದಲ್ಲಿ ಯಾರ ಕೈಯಲ್ಲಿಲ್ಲ? ಕಾಫಿ ಕೊಟ್ಟರೆ ಮುಖವೆತ್ತದೆ ಲೋಟ ಹಿಡಿಯುವರು. ಅಂಥ ದುಃಖ! ಕಾಲೇಜು ಹುಡುಗಿಯೊಬ್ಬಳು ಒಮ್ಮೆ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡಳು. ಪಾಪ, ನಾಗರತ್ನನ ಯಾವುದೋ ತಮಾಷೆ ನೆನಪಾಗಿರಬೇಕು ಎಂದುಕೊಂಡೆ. ತಿ. ನರಸೀಪುರದಲ್ಲಿರುವ ನಾದಿನಿ ಜಯಮ್ಮನಿಗೆ ಫೋನು ಮಾಡಿ, “ನಿಮ್ಮಕ್ಕನ್ನ ಊರು ಮರ್ತಿಲ್ಲ ಕಣಮ್ಮ, ದಿನಾ ಬಂದು ಕೂತ್ಕೋತಾರೆ” ಎಂದೆ. ಅವಳು ಅತ್ತಳು. ಭಾನುವಾರ ನಾನೂ ಬಂದು ನೋಡುತ್ತೇನೆ ಎಂದಳು.

ಭಾನುವಾರ ಜಗಲಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ.

“ಎಲ್ಲಿ ಬಾವ, ನಿಮ್ ಜನ?”

“ಬತ್ತಾರೆ, ಇರು.”

ಆ ಕಾಲೇಜು ಹುಡುಗಿ ಬಂದಳು. ಜಗಲಿ ಹತ್ತಲಿಲ್ಲ. ಫೋನನ್ನು ಕಂಬದ ಕಡೆಗೆ ಎತ್ತಿ ಹಿಡಿದು, “ನೆಟ್ ಹೋಗಿದೆ ತಾತ. ಬೆಳಿಗ್ಗೆ ನೀರಿನ ಪೈಪಿಗೆ ಅಗೆಯೋವಾಗ ಜೆಸಿಬಿ ವೈರು ಕಿತ್ತಾಕ್ಬುಟ್ಟಿದೆ” ಎಂದು ಹೊರಟೇಹೋದಳು.

ಜಯಮ್ಮ ಕಂಬ ನೋಡಿದಳು, ನನ್ನ ಮುಖ ನೋಡಿದಳು, ಸೆರಗು ಬಾಯಿಗಿಟ್ಟುಕೊಂಡಳು. “ಅಯ್ಯೋ ಬಾವ! ರೀಲ್ಸ್ ನೋಡೋರ್ಗಾ ನೀವು ಇಷ್ಟ್ ದಿನ ಕಾಫಿ ಕಾಯ್ಸಿ ಕೊಟ್ಟಿದ್ದು?” ನಾನು ನೆಲ ನೋಡಿದೆ. ನಕ್ಕು ಮುಗಿಯುವ ಹೊತ್ತಿಗೆ ಅವಳ ಕಣ್ಣು ತುಂಬಿತ್ತು. “ಆದ್ರೂ ಆ ಕಂಬ ನೆಡ್ಸಿದ್ದು ಅಕ್ಕನೇ ಅಲ್ವಾ? ಈಗ ಅದೂ ಓಯ್ತಲ್ಲ” ಎಂದಳು.

ಆ ಮಾತು ನನ್ನನ್ನು ಕೂರಲು ಬಿಡಲಿಲ್ಲ. ಬೆಳಗಾಗುತ್ತಲೇ ನಗರಸಭೆಗೆ ಹೋದೆ. ನೆಲದೊಳಗೆ ವೈರಿದೆಯೆಂದು ತನಗೆ ಯಾರೂ ಹೇಳಲಿಲ್ಲ ಎಂದ ಪೈಪಿನ ಗುತ್ತಿಗೆದಾರ. ಪೈಪು ಬರುತ್ತದೆಂದು ತನಗೆ ಯಾರೂ ಹೇಳಲಿಲ್ಲ ಎಂದ ವೈರಿನ ಗುತ್ತಿಗೆದಾರ. ಇಬ್ಬರ ನಡುವೆ ಕೂತಿದ್ದ ಎಂಜಿನಿಯರು ಹಣೆ ಒತ್ತಿಕೊಳ್ಳುತ್ತ ನನ್ನ ಕೈಯ ಬಟನ್ ಫೋನು ನೋಡಿದರು. “ಮತ್ತೆ ಅಗ್ಸಕ್ಕಾಗಲ್ಲ ಯಜಮಾನ್ರೇ, ಆಗ್ಲೇ ಕಾಂಕ್ರೀಟ್ ಮುಚ್ಚವ್ರೆ. ಪೆಟ್ಟಿಗೆನ ಪಾರ್ಕ್ ಕಡೆ ಹಾಕ್ಸ್ತೀನಿ ಬುಡಿ. ಅಷ್ಟಕ್ಕೂ ನಿಮ್ ಫೋನಿಗೆ ನೆಟ್ಟೇ ಬರಲ್ವಲ್ಲ?”

ಅವತ್ತು ನಾನು ಮಾತಾಡಿದೆ. “ನನ್ ಫೋನಿಗೆ ಬರದಿದ್ರೆ ಬೇಡ ಸ್ವಾಮಿ, ನನ್ ಮನೆಗೆ ಜನ ಬತ್ತಾರೆ. ನಮ್ಮನೆಯೋಳು ಕೇಳಿ ನೆಡಿಸ್ಕೊಂಡ ಕಂಬ ಅದು. ನೆಲದಲ್ಲಿ ದಾರಿ ಇಲ್ದಿದ್ರೆ ನಮ್ಮ ತಾರಸಿ ಮೇಲಿಂದ ಎಳೀರಿ. ಬಟ್ಟೆ ಒಣಗಾಕೋ ಕಂಬ ಅವೆ!” ಗುತ್ತಿಗೆದಾರರಿಬ್ಬರೂ ತಿರುಗಿ ನೋಡಿದರು. ನನಗೇ ಆಶ್ಚರ್ಯ, ದನಿ ನನ್ನದು, ಜೋರು ನಾಗರತ್ನನದು. ಎಂಜಿನಿಯರು ಎದ್ದು ನಿಂತರು. “ನಾಗರತ್ನಮ್ಮೋರ ಯಜಮಾನ್ರಾ ನೀವು? ಮೊದ್ಲೇ ಹೇಳ್ಬಾರ್ದಾ? ಆಯಮ್ಮ ಬಂದ್ರೆ ನಾವು ಎದ್ದೇ ಮಾತಾಡ್ಸ್ತಿದ್ದಿದ್ದು.” ನನಗೆ ಯಾರೂ ಸನ್ಮಾನ ಮಾಡಿದವರಿಲ್ಲ. ಆ ಮಾತಿನ ಮುಂದೆ ಶಾಲು, ಹಾರ ಏನೂ ಅಲ್ಲ.

ವೈರು ಬಂತು, ತಾರಸಿಯ ಮೇಲಿಂದಲೇ. ಈಗ ನನ್ನ ಪಂಚೆ ಒಣಗುವುದೂ ಬೀದಿಗೆ ನೆಟ್ ಬರುವುದೂ ಒಂದೇ ಕಂಬದ ಆಸರೆಯಲ್ಲಿ. ಸಂಜೆ ಜಗಲಿ ತುಂಬಿತು. ಎಲ್ಲ ಗೊತ್ತಿದ್ದೂ ಕಾಫಿ ಮಾಡಿದೆ. ಕಾಲೇಜು ಹುಡುಗಿ ಒಂದು ಗುಟುಕು ಕುಡಿದು, ಎಂದೂ ಇಲ್ಲದೆ ತಲೆಯೆತ್ತಿ, “ಅಜ್ಜಿ ಸಕ್ರೆ ಇನ್ನೊಂಚೂರು ಹಾಕೋರು ತಾತ” ಎಂದಳು. ಒಳಗೆ ಹೋಗಿ ಸಕ್ಕರೆ ಡಬ್ಬಿಯನ್ನೇ ತಂದಿಟ್ಟೆ. ಅವರ ಸಾಲಿನ ಕೊನೆಯಲ್ಲಿ ಬಟನ್ ಫೋನು ಹಿಡಿದು ನಾನೂ ಕುಳಿತೆ. ಅದು ರಿಂಗಾಯಿತು. ಜಯಮ್ಮ.

“ಜನ ಬಂದವ್ರಾ ಬಾವ?”

“ಜಗಲಿ ತುಂಬ.”

“ಏನ್ ಮಾಡ್ತಾವ್ರೆ?”

“ತಲೆ ತಗ್ಗಿಸ್ಕೊಂಡು ಕೂತವ್ರೆ.”

“ಹಂಗಾದ್ರೆ ನೀವೇ ಮಾತಾಡ್ಸಿ, ಈಗ ಮಾತು ಬತ್ತದಲ್ಲ!”

“ಬೇಡ ಕಣಮ್ಮ” ಎಂದೆ, “ದುಃಖದಲ್ಲಿರೋರನ್ನ ಜಾಸ್ತಿ ಮಾತಾಡಿಸ್ಬಾರ್ದು.”