ತಪ್ಪಿಲ್ಲದ ವಾಕ್ಯಗಳು

ನನ್ನ ಹೆಂಡತಿ ನನಗೆ ಒಂದು ಮಾತೂ ಹೇಳದೆ ಮನೆ ಬಿಟ್ಟು ಹೋದಳೆಂದು ನಮ್ಮ ಬೀದಿಯಲ್ಲಿ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಹೇಳಿಯೇ ಹೋದಳು. ಒಂದು ಸಲವಲ್ಲ, ಹಲವು ಸಲ ಹೇಳಿದಳು. ಹೇಳಿದ್ದು ನೆಟ್ಟಗಿಲ್ಲವೆಂದು ನಾನೇ ತಿದ್ದಿ ತಿದ್ದಿ ಮತ್ತೆ ಹೇಳಿಸಿದೆ. ಕೊನೆಗೆ ಬೆನ್ನು ಕೂಡ ತಟ್ಟಿದೆ.

ಎಲ್ಲಕ್ಕೂ ಮೂಲ ನನ್ನ ವೃತ್ತಿ. ಹೊಲಿಗೆ ಅಂಗಡಿಯ ಮಹಡಿಯ ಮೇಲಿನ ಕೋಣೆಯೊಂದರಲ್ಲಿ ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ಅಂಥಿಂಥ ಇಂಗ್ಲಿಷಲ್ಲ, ಅರ್ಜಿಗೆ, ಸಂದರ್ಶನಕ್ಕೆ, ಮೇಲಧಿಕಾರಿಗಳ ಮುಂದೆ ನಿಲ್ಲುವುದಕ್ಕೆ ಬೇಕಾಗುವ ಗರಿಗರಿ ಇಂಗ್ಲಿಷ್. (ಕೆಳಗೆ ಬಟ್ಟೆಗೆ ಇಸ್ತ್ರಿ, ಮೇಲೆ ಭಾಷೆಗೆ.) ‘ಸಾರ್, ಒಂದು ಕೆಲ್ಸ ಬೇಕು’ ಎಂದು ಮೆಟ್ಟಿಲು ಹತ್ತಿದವನು ‘ಸದರಿ ಹುದ್ದೆಗೆ ನನ್ನನ್ನು ಪರಿಗಣಿಸಬೇಕೆಂದು ವಿನಮ್ರವಾಗಿ ಕೋರುತ್ತೇನೆ’ ಎನ್ನುತ್ತಾ ಇಳಿದು ಹೋಗುತ್ತಾನೆ. ಕೆಲಸ ಸಿಗುವುದಿಲ್ಲ, ಆ ಮಾತು ಬೇರೆ.

ನನ್ನ ಪಾಠದ ಪದ್ಧತಿ ಒಂದೇ. ವ್ಯಾಕರಣದ ಪುಸ್ತಕದ ಉದಾಹರಣೆಗಳನ್ನು ಮುಟ್ಟಬಾರದು. ಅದರಲ್ಲಿ ಯಾರೋ ಒಬ್ಬ ನಿಲ್ದಾಣ ತಲುಪುವಷ್ಟರಲ್ಲಿ ರೈಲು ಹೊರಟುಹೋಗಿರುತ್ತದೆ. ನಾನು ಓದುವಾಗಲೂ ರೈಲು ತಪ್ಪಿಸಿಕೊಂಡಿದ್ದ, ಈಗಲೂ ತಪ್ಪಿಸಿಕೊಳ್ಳುತ್ತಿದ್ದಾನೆ, ಪುಣ್ಯಾತ್ಮನಿಗೆ ಬುದ್ಧಿ ಬಂದಿಲ್ಲ. ಆದ್ದರಿಂದ ವಾಕ್ಯಗಳನ್ನು ನಿಮ್ಮ ನಿಮ್ಮ ಬದುಕಿನಿಂದಲೇ ತೆಗೆಯಿರಿ ಎಂದು ವಿದ್ಯಾರ್ಥಿಗಳಿಗೆ ಉಪದೇಶಿಸುತ್ತೇನೆ.

ನನ್ನ ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂರಿಸಿ, ಕಡ್ಡಿಯನ್ನು ಬಿಸಿ ಮಾಡಿ ಕಿವಿಯ ಹಿಂದೆ ಕೂರುವಂತೆ ಬಗ್ಗಿಸಿ, ‘ಈಗ ಕಾಣ್ಸುತ್ತಾ?’ ಎಂದು ಕೇಳುವ ಕೆಲಸ. ಒಂದು ದಿನ ತಟ್ಟೆ ಇಡುತ್ತಾ, ಕಂಪನಿಯವರು ಹೊಸ ಅಂಗಡಿ ತೆರೆಯುತ್ತಿದ್ದಾರೆ, ಮ್ಯಾನೇಜರ್ ಹುದ್ದೆಗೆ ತನ್ನನ್ನೂ ಕರೆದಿದ್ದಾರೆ, ಸಂದರ್ಶನ ಇಂಗ್ಲಿಷಿನಲ್ಲಿ, ಸ್ವಲ್ಪ ಹೇಳಿಕೊಡಬೇಕು ಎಂದಳು. ಹೊಸ ಅಂಗಡಿ ಯಾವ ಊರಿನಲ್ಲಿ ಎಂದು ನಾನು ಕೇಳಲಿಲ್ಲ. ಅವಳು ಹೇಳಿದಳೋ ಏನೋ. ಇಂಗ್ಲಿಷ್ ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ಮಿಕ್ಕ ಯಾವುದೂ ಒಳಗೆ ಹೋಗುವುದಿಲ್ಲ, ಅದು ನನ್ನ ಕಿವಿಯ ರಚನೆ.

ಮರುದಿನವೇ ಶಾಸನ ಹೊರಡಿಸಿದೆ. ಸಂಜೆ ಅವಳು ಒಲೆ ಹಚ್ಚಿದಾಗಿನಿಂದ ಊಟಕ್ಕೆ ಬಡಿಸುವವರೆಗೆ ಈ ಮನೆಯಲ್ಲಿ ಇಂಗ್ಲಿಷ್ ಮಾತ್ರ. ಅಡುಗೆಮನೆ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ನಾನು ವಿರಾಜಮಾನನಾಗುವುದು. ಅವಳು ಕೈಯಲ್ಲಿ ಸೌಟು ಆಡಿಸುತ್ತಾ ಬಾಯಲ್ಲಿ ವಾಕ್ಯ ರಚಿಸುವುದು. (ಅವಳ ಇಂಗ್ಲಿಷನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ. ನಿಮ್ಮ ಅನುಕೂಲಕ್ಕೆಂದು ತಿಳಿಯಬೇಡಿ. ಕನ್ನಡಕ್ಕೆ ತಂದುಕೊಂಡ ಮೇಲೆಯೇ ನನಗೂ ಅರ್ಥವಾದದ್ದು.)

ಮೊದಲ ದಿನ ಅವಳು ಹೇಳಿದ್ದು, ‘ನೀವು ನಲ್ಲಿ ರಿಪೇರಿ ಮಾಡಿಸಲಿಲ್ಲ.’ ಅವಳ ಬೆನ್ನ ಹಿಂದೆ ಆ ನಲ್ಲಿ ತೊಟ್ಟಿಕ್ಕುತ್ತಲೇ ಇತ್ತು.

ಕಚೇರಿಯ ಭಾಷೆ ಹೀಗೆ ಯಾರ ಕಡೆಗೂ ಬೆರಳು ತೋರಿಸುವುದಿಲ್ಲ ಎಂದು ವಿವರಿಸಿದೆ. ‘ನಲ್ಲಿಯು ರಿಪೇರಿ ಮಾಡಿಸಲ್ಪಟ್ಟಿರುವುದಿಲ್ಲ’ ಎನ್ನಬೇಕು.

“ಯಾರು ಮಾಡಿಸಿಲ್ಲ ಅಂತ ಹೇಳೋದು ಬೇಡ್ವಾ?” ಎಂದಳು, ಶಾಸನ ಮುರಿದು ಕನ್ನಡದಲ್ಲಿ.

“ಬೇಡ. ಅದೇ ಅದರ ಸೊಗಸು. ನಾಳೆ ಗಿರಾಕಿ ದೂರು ಹೊತ್ಕೊಂಡು ಬಂದ ಅನ್ನು. ‘ತಮ್ಮ ಮನವಿಯನ್ನು ಪರಿಶೀಲಿಸಲಾಗುವುದು’ ಅಂದುಬಿಡು. ಯಾರು ಪರಿಶೀಲಿಸ್ತಾರೆ, ಯಾವಾಗ, ಯಾರಪ್ಪನಿಗೂ ಗೊತ್ತಾಗಲ್ಲ. ಅವನು ಥ್ಯಾಂಕ್ಸ್ ಹೇಳಿ ಹೋಗ್ತಾನೆ.”

ಅವಳು ಅದನ್ನು ಬಾಯಲ್ಲೇ ಎರಡು ಸಲ ಹೇಳಿಕೊಂಡಳು. ಜಾಣ ಶಿಷ್ಯೆ.

ದಿನ ಕಳೆದಂತೆ ಅವಳ ವಾಕ್ಯಗಳಿಗೆ ಮೈ ಬಂತು. ‘ನನ್ನ ಗಂಡ ಊರಿಗೆಲ್ಲ ಮಾತು ಕಲಿಸುವವರಾದರೂ ಮನೆಯಲ್ಲಿ ಮಾತಾಡುವುದಿಲ್ಲ’ ಎಂದಳು. ಎರಡು ತುಂಡುಗಳನ್ನು ಜೋಡಿಸಿದ ಚಂದಕ್ಕೆ ಭೇಷ್ ಎಂದೆ. ‘ಊಟಕ್ಕೆ ಕುಳಿತರೋ ಇಲ್ಲವೋ ಅವರ ಮುಖದ ಮುಂದೆ ಪತ್ರಿಕೆ ಬಿಡಿಸಿಕೊಳ್ಳುತ್ತದೆ.’ ಇನ್ನೂ ಕಷ್ಟದ ರಚನೆ. ನನ್ನ ಹಳೇ ವಿದ್ಯಾರ್ಥಿಗಳು ಇದರಲ್ಲೇ ಮಣ್ಣು ಮುಕ್ಕುವುದು. ‘ಮಗಳು ಮದುವೆಯಾಗಿ ಹೋದ ಮೇಲೆ ನಾನು ಹೇಗಿದ್ದೇನೆಂದು ಈ ಮನೆಯಲ್ಲಿ ಯಾರೂ ಕೇಳಿಲ್ಲ’ ಎಂದಾಗ ಮಾತ್ರ ಒಂದು ಉಚ್ಚಾರಣೆ ತಿದ್ದಬೇಕಾಯಿತು.

ನನ್ನ ಅಮ್ಮನಿಗೆ ಇಂಗ್ಲಿಷಿನ ಗಂಧವಿಲ್ಲ. ಹಜಾರದಲ್ಲಿ ಒಗೆದ ಬಟ್ಟೆ ಮಡಿಸುತ್ತಾ ಕುಳಿತಿರುತ್ತಿದ್ದಳು. ಅವತ್ತು ಸೊಸೆಯ ಮುಖವನ್ನು ಬಹಳ ಹೊತ್ತು ನೋಡಿ ನನ್ನನ್ನು ಕರೆದಳು.

“ಏನೋ ಅವಳು ಹೇಳ್ತಿರೋದು?”

“ಅಭ್ಯಾಸ ಮಾಡ್ತಿದ್ದಾಳೆ ಅಮ್ಮ.”

“ಅಭ್ಯಾಸಕ್ಕೆ ಯಾರಾದ್ರೂ ಕಣ್ಣು ಒರೆಸ್ಕೋತಾರೇನೋ?”

“ಈರುಳ್ಳಿ ಹೆಚ್ತಿದ್ದಾಳಲ್ಲಮ್ಮ.”

ಅಮ್ಮ ನನ್ನ ಅಂಗಿಯನ್ನು ಮಡಿಸದೆ ಪಕ್ಕಕ್ಕೆ ಎಸೆದಳು.

ಸಂದರ್ಶನ ಮುಗಿಸಿ ಬಂದ ದಿನ ನಾನು ಕೇಳಿದ ಮೊದಲ ಪ್ರಶ್ನೆ, ನಾನು ಹೇಳಿಕೊಟ್ಟ ಆರಂಭದ ವಾಕ್ಯವನ್ನು ಪೂರ್ತಿ ಹೇಳಿದೆಯಾ ಎಂಬುದು. ಹೇಳಿದೆ ಎಂದಳು. ಕೊನೆಯ ಪ್ರಶ್ನೆಯೂ ಅದೇ. ಪಾಠಗಳು ಮುಂದುವರಿದವು, ಹಿಡಿದ ವ್ಯಾಕರಣ ಮುಗಿಸದೆ ಬಿಡುವವನಲ್ಲ ನಾನು.

ಒಂದು ಸಂಜೆ ಅವಳು ಒಲೆ ಆರಿಸಿ ನನ್ನ ಕಡೆ ತಿರುಗಿ ನಿಂತು ಹೇಳಿದಳು. ‘ನಾನು ಆಯ್ಕೆಯಾಗಿದ್ದೇನೆ. ಹೊಸ ಅಂಗಡಿ ಬೇರೆ ಊರಿನಲ್ಲಿದೆ. ಮುಂದಿನ ತಿಂಗಳಿನಿಂದ ಅಲ್ಲಿಯೇ ಇರುತ್ತೇನೆ.’ ಮೂರು ಚಿಕ್ಕ ವಾಕ್ಯಗಳು, ಮೂರೂ ಶುದ್ಧ. ಕಲ್ಪನೆಯೂ ಚೆನ್ನಾಗಿದೆ ಎಂದುಕೊಂಡೆ. ತಲೆಯಾಡಿಸಿದೆ.

‘ನೀವು ಇರು ಎಂದರೆ ಇರುತ್ತೇನೆ’ ಎಂದಳು.

ಇದು ತೀರಾ ಅಡುಗೆಮನೆ ಭಾಷೆಯಾಯಿತು. ಇದಕ್ಕೊಂದು ಘನತೆ ಬೇಕು ಎಂದೆ. ಅದನ್ನು ಮುರಿದು, ಮಗುಚಿ, ಪಾಲಿಶ್ ಹಾಕಿ ಅವಳ ಬಾಯಿಗಿಟ್ಟೆ: ‘ಇರಬೇಕೆಂದು ಕೋರಲ್ಪಟ್ಟಿದ್ದಲ್ಲಿ ನಾನು ಇರುತ್ತಿದ್ದೆ.’ ಇನ್ನೊಂದು ಸಲ ಹೇಳು ಎಂದೆ. ಹೇಳಿದಳು. ಹೇಳಿ, ನನ್ನನ್ನೇ ನೋಡಿದಳು. ಅಂಗಡಿಯಲ್ಲಿ ‘ಈಗ ಕಾಣ್ಸುತ್ತಾ?’ ಎಂದು ಕೇಳುವಾಗ ಹಾಗೆಯೇ ನೋಡುತ್ತಾಳಂತೆ.

ಕೊನೆಗೆ, ‘ಈ ವಿಷಯದಲ್ಲಿ ತಮ್ಮ ಆಕ್ಷೇಪಣೆ ಏನಾದರೂ ಇದೆಯೇ?’ ಎಂದಳು.

ನಾನು ಸ್ಟೂಲಿನಿಂದ ಎದ್ದು ನಿಂತು ಮಾದರಿ ಉತ್ತರ ಕೊಟ್ಟೆ. ‘ಯಾವುದೇ ಆಕ್ಷೇಪಣೆ ಇರುವುದಿಲ್ಲ. ತಮಗೆ ಸಕಲ ಯಶಸ್ಸನ್ನೂ ಹಾರೈಸುತ್ತೇನೆ.’ ಬೆನ್ನು ತಟ್ಟಿದ್ದು ಆಗಲೇ.

ತಿಂಗಳು ತಿರುಗುವಷ್ಟರಲ್ಲಿ ಒಂದು ಬೆಳಗ್ಗೆ ಮನೆಯ ಮುಂದೆ ವ್ಯಾನು ನಿಂತಿತ್ತು. ನನ್ನ ಭಾವಮೈದುನ ಪೆಟ್ಟಿಗೆ ಎತ್ತಿ ಹಾಕುತ್ತಿದ್ದ. ಏನಿದೆಲ್ಲ ಎಂದು ಕೇಳಿದರೆ, “ಅಕ್ಕನ ಸಾಮಾನು. ನೀವೇ ಹರಸಿ ಕಳಿಸ್ತಿದ್ದೀರಂತಲ್ಲ ಭಾವ, ದೊಡ್ಡ ಮನಸ್ಸು ನಿಮ್ದು” ಎಂದ. ಪಾಪ, ಅವನು ವ್ಯಂಗ್ಯವಾಡುವವನಲ್ಲ.

ಒಳಗೆ ಓಡಿದೆ. “ನಂಗೆ ಹೇಳೇ ಇಲ್ವಲ್ಲೇ.”

“ಹೇಳಿದ್ದೆ. ಎರಡು ಸಲ ಹೇಳಿಸಿದ್ರಿ ಕೂಡ.”

“ಅದು ಪಾಠ ಅಂದ್ಕೊಂಡೆ ಕಣೇ.”

“ವಾಕ್ಯಾನ ಬದುಕಿನಿಂದ್ಲೇ ತೆಗೀಬೇಕು ಅಂದೋರು ನೀವೇ ಅಲ್ವೇನ್ರಿ?”

“ಕನ್ನಡದಲ್ಲಿ ಒಂದು ಮಾತು ಹೇಳಬಾರದಿತ್ತಾ?”

ಅವಳು ಚೀಲದ ಜಿಪ್ಪು ಎಳೆದಳು. “ಕನ್ನಡದಲ್ಲಿ ಇಷ್ಟು ವರ್ಷ ಹೇಳಿದ್ನಲ್ಲ. ಇಂಗ್ಲಿಷಲ್ಲಾದ್ರೆ ತಪ್ಪು ಹಿಡಿಯೋಕಾದ್ರೂ ಕಿವಿ ಕೊಡ್ತೀರಿ ಅಂದ್ಕೊಂಡೆ. ಕೊಟ್ರಿ. ತಪ್ಪು ಮಾತ್ರ ಹಿಡಿದ್ರಿ.”

ಇದಕ್ಕೆ ಉತ್ತರ ಯಾವ ಭಾಷೆಯಲ್ಲಿದೆಯೋ ನನಗೆ ತಿಳಿಯದು. ಹುಡುಕುತ್ತಾ ನಿಂತಿದ್ದಾಗ ಅಮ್ಮ ಕೋಣೆಯಿಂದ ಹೊರಬಂದಳು. ಕಂಕುಳಲ್ಲಿ ಗಂಟು, ಕಾಲಲ್ಲಿ ಚಪ್ಪಲಿ.

“ಅಮ್ಮ, ನೀನೆಲ್ಲಿಗೆ?”

“ಅವಳ ಜೊತೆ.”

“ನೀನೂ ನಂಗೆ ಹೇಳ್ಲಿಲ್ಲ.”

“ನೀನು ಕೇಳ್ಲಿಲ್ಲ. ಅವಳು ಕೇಳಿದ್ಲಪ್ಪ, ‘ಬರ್ತೀರಾ ಅತ್ತೆ’ ಅಂತ. ನಂಗೆ ತಿಳಿಯೋ ಭಾಷೇಲೇ ಕೇಳಿದ್ಲು.”

ವ್ಯಾನು ಬೀದಿಯ ತಿರುವು ದಾಟಿತು. ನಿಲ್ದಾಣ ತಲುಪುವಷ್ಟರಲ್ಲಿ ರೈಲು ತಪ್ಪಿಸಿಕೊಳ್ಳುವ ಆ ಪುಸ್ತಕದ ಮನುಷ್ಯನ ಮುಖ ನನಗೆ ಆಗ ಕಂಡಿತು. ಬಾಗಿಲ ಪಕ್ಕದ ಕನ್ನಡಿಯಲ್ಲೇ ಇದ್ದ.

ಈಗಲೂ ಮಹಡಿ ಹತ್ತಿ ಪಾಠ ಮಾಡುತ್ತೇನೆ. ಮನೆಗೆ ಬಂದರೆ ಪತ್ರಿಕೆ ಬಿಡಿಸುತ್ತೇನೆ. ಅದರ ಹಿಂದೆ ಅಡಗಿಕೊಳ್ಳಲು ಆಚೆ ಕಡೆ ಯಾರೂ ಇಲ್ಲವಾದ್ದರಿಂದ ಮಡಿಸಿಡುತ್ತೇನೆ. ನಲ್ಲಿಯೊಂದೇ ಮಾತಾಡುತ್ತದೆ.

ಮೊನ್ನೆ ತಡೆಯಲಾರದೆ ಫೋನು ಮಾಡಿದೆ. ಇಸ್ತ್ರಿ ಇಲ್ಲದ, ಗುಂಡಿ ಕಿತ್ತ, ಮುದುಡಿದ ಕನ್ನಡದಲ್ಲಿ, “ಬಂದ್ಬಿಡೇ. ಇಲ್ಲಾಂದ್ರೆ ನಾನೇ ಅಲ್ಲಿಗೆ ಬರ್ಲಾ?” ಎಂದೆ. ಮದುವೆಯಾದ ಮೇಲೆ ಅವಳನ್ನು ನಾನು ಕೇಳಿದ ಮೊದಲ ನಿಜವಾದ ಪ್ರಶ್ನೆ ಅದಿರಬೇಕು.

ಆ ಕಡೆ ಅಂಗಡಿಯ ಸದ್ದು ಕೇಳಿಸುತ್ತಿತ್ತು. ಯಾರಿಗೋ ಕನ್ನಡಕ ಕೂರಿಸುತ್ತಿದ್ದಳೋ ಏನೋ. ಆಮೇಲೆ ಬಹಳ ಮೃದುವಾಗಿ, ಒಂದಕ್ಷರ ಆಚೀಚೆಯಾಗದ ಇಂಗ್ಲಿಷಿನಲ್ಲಿ ಹೇಳಿದಳು:

‘ತಮ್ಮ ಮನವಿಯನ್ನು ಪರಿಶೀಲಿಸಲಾಗುವುದು.’

ಥ್ಯಾಂಕ್ಸ್ ಹೇಳಿ ಫೋನಿಟ್ಟೆ. ವಾಕ್ಯವನ್ನು ಹಿಂದೆ ಮುಂದೆ ತಿರುಗಿಸಿ ರಾತ್ರಿಯೆಲ್ಲ ಹುಡುಕಿದೆ. ಒಂದೇ ಒಂದು ತಪ್ಪೂ ಸಿಗಲಿಲ್ಲ.