ನಾನೂರು ಎಳೆಯ ದೋಣಿ

"ಹೋಯ್ ಭಾವ, ಕಾಣಿ ಕಾಣಿ!" ಎಂದು ದಯಾನಂದ ತಾನು ಕಟ್ಟಿದ ಹೊಸ ಫೈಬರ್ ದೋಣಿಯ ಎಡಮಗ್ಗುಲಿಗೆ ಗುದ್ದಿದ. ದೋಣಿಯೊಳಗೆ ಕೂರಿಸಿದ್ದ ಮಾತಾಡುವ ಡಬ್ಬಿ ಕೂಡಲೇ, "ಎಡಗಡೆ ಪೆಟ್ಟು! ಬಿರುಕಿಲ್ಲ!" ಎಂದಿತು.

ಗಂಗೊಳ್ಳಿಯ ದಂಡೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ! ದೋಣಿಯ ಮೈಯೊಳಗೆ ಕೂದಲಿನಷ್ಟು ಸಪೂರದ ನಾಲ್ಕು ಗಾಜಿನೆಳೆ ಹುದುಗಿಸಿದ್ದಾನಂತೆ, ಅದರೊಳಗೆ ಬೆಳಕು ಓಡುತ್ತದಂತೆ, ಎಲ್ಲಿ ನೋವಾಯಿತೆಂದು ಬೆಳಕೇ ಡಬ್ಬಿಗೆ ಹೇಳುತ್ತದಂತೆ! ಇಪ್ಪತ್ತು ವರ್ಷದಿಂದ ಊರಿಗೆಲ್ಲ ದೋಣಿ ಕಟ್ಟಿಕೊಟ್ಟ ಬಚ್ಚಣ್ಣ ಮಾತ್ರ ಕೈ ಕಟ್ಟಿ ನಿಂತಿದ್ದ. ಮೊನ್ನೆಯವರೆಗೆ ತನ್ನ ಶೆಡ್ಡಿನಲ್ಲೇ ರೆಸಿನ್ ಅಂಟು ಕಲಸುತ್ತಿದ್ದ ಹೆಂಡತಿಯ ತಮ್ಮ ಇವ! ಸಾಲದ್ದಕ್ಕೆ ಮೀನುಗಾರರ ಸಂಘದ ಅಧ್ಯಕ್ಷರು, "ಇನ್ನು ಸಂಘದ ದೋಣಿಯೆಲ್ಲ ಇವನೇ ಕಟ್ಟಲಿ, ಅಲ್ದಾ?" ಎಂದುಬಿಟ್ಟರು.

"ಹದಿನೈದು ದಿನ ತಡೀರಿ! ನನ್ನದೂ ಒಂದು ಕಂಡು ಆಮೇಲೆ ಹೇಳಿ!" ಎಂದ ಬಚ್ಚಣ್ಣ.

"ನನ್ನ ತಮ್ಮಂಗೆ ಎಂಥ ತಲೆ!" ಎನ್ನುತ್ತಾ ರಾತ್ರಿ ಹೆಂಡತಿ ಜಲಜ ಊಟಕ್ಕೆ ಬಡಿಸಿದಳು. ಬಚ್ಚಣ್ಣ ತಟ್ಟೆ ಆಚೆ ದೂಡಿದ.

"ಅವ ಹಾಕಿದ್ದು ನಾಲ್ಕು. ನಾನು ನಾನೂರು ಹಾಕ್ತೆ!"

ಅಂಥದೇ ಡಬ್ಬಿ ತರಿಸಿ ಕೆಲಸ ಹಿಡಿದ. ಹಳೇ ಮರದ ದೋಣಿಗೆ ಪಕ್ಕೆಲುಬು ಅಡ್ಡಕ್ಕಲ್ಲವೇ ಇದ್ದದ್ದು? ಹಾಗೆಂದು ಎಳೆಗಳನ್ನೆಲ್ಲ ಅಡ್ಡಡ್ಡ ಮಲಗಿಸಿದ. ಇಣುಕಿದ ದಯಾನಂದ ಗಾಬರಿಯಾದ.

"ಭಾವ, ದೋಣಿಗೆ ಹಾಸುವ ಗಾಜಿನ ಬಟ್ಟೆಯ ನೂಲು ಹೋದ ದಿಕ್ಕಿಗೇ ಎಳೆ ಹೋಗ್ಬೇಕು! ಅಡ್ಡ ಹಾಕಿದ್ರೆ ನೂಲು ಡೊಂಕಾಗಿ, ಎಡೆಯಲ್ಲಿ ಬರೀ ರೆಸಿನ್ ಉಳೀತ್ತ್. ಮೈಯ ಬಲ ಹೋತ್ತ್!"

"ನಂಗೇ ಕಲ್ಸುಕ್ ಬಂದ್ಯಾ? ನಡಿ ಆಚೆ!" ಪಾಪ, ಭಾವಮೈದನಿಗೆ ಹೊಟ್ಟೆಕಿಚ್ಚು ಎಂದುಕೊಂಡ ಬಚ್ಚಣ್ಣನಿಗೆ ಅಂದು ಎಷ್ಟೋ ದಿನಕ್ಕೆ ಹಸಿವಾಯಿತು.

ದೋಣಿ ಇಳಿಸುವ ದಿನ ಊರೇ ನೆರೆಯಿತು. ಅಂಚಿನ ಮೇಲೆ ಕಾಗೆ ಕೂತಿತು. "ಕಾಗೆ! ಬಲಗಾಲು ಭಾರ!" ಎಂದಿತು ಡಬ್ಬಿ. ಅಧ್ಯಕ್ಷರು ಒರಗಿದರು. "ತೊಂಬತ್ತೆರಡು ಕಿಲೋ! ಸಾಕು ಮಾರಾಯ್ರೆ!" ಜನ ಬಿದ್ದು ಬಿದ್ದು ನಕ್ಕರು. ಜಲಜ ತಮ್ಮನನ್ನು ಬಿಟ್ಟು ಗಂಡನನ್ನೇ ನೋಡುತ್ತಿದ್ದಳು. ಬಚ್ಚಣ್ಣನಿಗೆ ಇನ್ನೇನು ಬೇಕು!

ಪದ್ಧತಿಯಂತೆ ತೆಂಗಿನಕಾಯಿ ಎತ್ತಿ ದೋಣಿಯ ಮೂತಿಗೆ ಬಲವಾಗಿ ಅಪ್ಪಳಿಸಿದ.

"ಮೂತಿಗೆ ಪೆಟ್ಟು! ಒಂದನೇ ಎಳೆ ಬಿಟ್ಟಿತು! ಎರಡನೇ ಎಳೆ ಬಿಟ್ಟಿತು!"

ಬೆಂಡೆಕಾಯಿ ಹೆಚ್ಚಿದ ಹಾಗೆ ದೋಣಿ ಮೂತಿಯಿಂದ ಬಿಲ್ಲೆಬಿಲ್ಲೆಯಾಗಿ ಉದುರತೊಡಗಿತು. "ನೂರಾ ಹದಿನೇಳು! ನೂರಾ ಹದಿನೆಂಟು!" ಕೊನೆಗೆ ಮರಳಲ್ಲಿ ಡಬ್ಬಿಯೊಂದೇ ಉಳಿದು, "ನಾನೂರು. ದೋಣಿ ಮುಗಿಯಿತು" ಎಂದು ಸುಮ್ಮನಾಯಿತು. ತೆಂಗಿನಕಾಯಿಗೆ ಒಂದು ಗೀರೂ ಬಿದ್ದಿರಲಿಲ್ಲ.

"ಸಂಘದ ದೋಣಿ ದಯಾನಂದನೇ ಕಟ್ಟಲಿ," ಎಂದರು ಅಧ್ಯಕ್ಷರು. "ಎಂತ ಹೇಳ್ತ್ರಿ ಬಚ್ಚಣ್ಣ?"

ಬಚ್ಚಣ್ಣ ಪಂಚೆಯ ಮರಳು ಕೊಡವಿಕೊಂಡ.

"ಕಟ್ಟಲಿ. ಆದ್ರೆ ಅವನ ಡಬ್ಬಿ, ದೋಣಿ ಎಷ್ಟು ಒಡೆದ್ರೂ ನಾಲ್ಕರ ಮೇಲೆ ಎಣಿಸುದಿಲ್ಲ, ನೆನಪಿರಲಿ!"